ಆನೆ ಕುಡಿದ ನೀರಿಗೆ ಡೀಸೆಲ್ ಯಾರದು?

ನಮೀಬಿಯಾದ ವಾಯವ್ಯಕ್ಕಿರುವ ಕುನೇನೆ ಪ್ರಾಂತ್ಯದಲ್ಲಿ ವರ್ಷದ ಬಹುಕಾಲ ಹೊಳೆಗಳೆಂದರೆ ಬರೀ ಮರಳು. ಊರು ಎಂದರೆ ಒಂದು ಬೋರ್‌ವೆಲ್, ಒಂದು ಪಂಪು, ಒಂದು ಸಿಮೆಂಟ್ ತೊಟ್ಟಿ. ಅದರ ಸುತ್ತ ಕೆಲವು ಮನೆ, ಮೇಕೆ, ದನ. ದೇಶ 1990ರಲ್ಲಿ ಸ್ವತಂತ್ರವಾದ ಮೇಲೆ ಸರ್ಕಾರ ಈ ಪಂಪುಗಳ ಉಸ್ತುವಾರಿಯನ್ನು ಹಂತಹಂತವಾಗಿ ಹಳ್ಳಿಯ ನೀರು ಸಮಿತಿಗಳಿಗೆ ಒಪ್ಪಿಸಿತು. ಕೇಳಲು ಚೆನ್ನಾಗಿದೆ. ಹಳ್ಳಿಯವರಿಗೆ ಕೇಳಿಸಿದ್ದು ಮಾತ್ರ ಬೇರೆ: ಇನ್ನು ಮುಂದೆ ಡೀಸೆಲ್ ನಿಮ್ಮ ಖರ್ಚು.

ರಾತ್ರಿ ಆನೆಗಳು ಬರುತ್ತವೆ. ದೊಡ್ಡ ಆನೆಯೊಂದು ದಿನಕ್ಕೆ 150 ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲದು; ಹಿಂಡು ಬಂದು ಹೋದರೆ ಬೆಳಗಾಗುವುದರೊಳಗೆ ತೊಟ್ಟಿ ತಳ ಕಾಣುತ್ತದೆ. ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ಪೈಪನ್ನೇ ಕಿತ್ತು ನೋಡುತ್ತವೆ. ಆನೆ ಸರ್ಕಾರದ್ದು. ಆನೆ ನೋಡಲು ಬಂದವರು ಕೊಟ್ಟ ದುಡ್ಡು ಲಾಡ್ಜಿನವರದ್ದು. ಡೀಸೆಲ್ ಮಾತ್ರ ಮೇಕೆ ಮಾರಿ ಸಮಿತಿಗೆ ಚಂದಾ ಕಟ್ಟಿದವರದ್ದು.

ಆಫ್ರಿಕಾದ ವನ್ಯಜೀವಿ ಎಂದರೆ ನಮಗೆ ಟಿ.ವಿ. ತೋರಿಸುವುದು ಎರಡೇ ಚಿತ್ರ: ಒಂದು, ಜಿಂಕೆಯ ಬೆನ್ನಟ್ಟಿದ ಸಿಂಹ, ಇನ್ನೊಂದು, ಕೋವಿ ಹಿಡಿದ ಕಳ್ಳಬೇಟೆಗಾರ. ಆ ತೊಟ್ಟಿ ಯಾವ ಚಿತ್ರದಲ್ಲೂ ಇರುವುದಿಲ್ಲ. ಆದರೆ ಜಿಂಬಾಬ್ವೆ, ನಮೀಬಿಯಾ, ಜಾಂಬಿಯಾ, ಬೋಟ್ಸ್ವಾನಾಗಳು ಸುಮಾರು ನಲವತ್ತು ವರ್ಷಗಳಿಂದ ಬಗೆಹರಿಸಲು ಒದ್ದಾಡುತ್ತಿರುವುದು ಈ ತೊಟ್ಟಿಯ ಲೆಕ್ಕವನ್ನೇ. ಅಲ್ಲಿನ ಚರ್ಚೆಯನ್ನು ಯುರೋಪಿನ ಪತ್ರಿಕೆಗಳು ‘ಬೇಟೆ ಬೇಕೇ, ಬೇಡವೇ’ ಎಂಬ ಒಂದೇ ಸಾಲಿಗೆ ಇಳಿಸಿಬಿಟ್ಟಿವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ ಎರಡು ಪ್ರಶ್ನೆ. ಕಾಡುಪ್ರಾಣಿಯಿಂದ ಬಂದ ದುಡ್ಡು ಮೊದಲು ಬೀಳುವುದು ಯಾರ ಕೈಗೆ? ಆ ಕೈಯನ್ನು ಹಿಡಿದು ಲೆಕ್ಕ ಕೇಳುವ ಹಕ್ಕು ಯಾರಿಗಿದೆ?

ವರ ಸಿಕ್ಕಿತು, ಪೂಜಾರಿ ಬಿಡಲಿಲ್ಲ

ಕಥೆ ಶುರುವಾಗುವುದು ಬಿಳಿಯರ ಜಮೀನಿನಲ್ಲಿ. ಇಂದಿನ ಜಿಂಬಾಬ್ವೆ ಆಗ ರೊಡೇಷಿಯಾ. 1975ರ ವನ್ಯಜೀವಿ ಕಾಯ್ದೆ ಖಾಸಗಿ ಜಮೀನಿನ ಒಡೆಯರಿಗೆ ತಮ್ಮ ನೆಲದ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ, ಅದರಿಂದ ಲಾಭ ಮಾಡಿಕೊಳ್ಳುವ ಅಧಿಕಾರ ಕೊಟ್ಟಿತು. ಅಲ್ಲಿಯವರೆಗೆ ಹುಲ್ಲು ಮೇಯುವ ಕಂಟಕ ಎಂದು ಜಿಂಕೆಗೆ ಗುಂಡು ಹೊಡೆಯುತ್ತಿದ್ದ ರೈತರು, ಜಿಂಕೆ ದನಕ್ಕಿಂತ ಹೆಚ್ಚು ದುಡಿಯುತ್ತದೆ ಎಂದು ಗೊತ್ತಾದ ಮೇಲೆ ಸಾಕತೊಡಗಿದರು. ಕಪ್ಪು ಜನರಿದ್ದ ಸಾಮುದಾಯಿಕ ಭೂಮಿಗೆ ಈ ಹಕ್ಕು ಇರಲಿಲ್ಲ. ಅಲ್ಲಿ ಆನೆ ಜೋಳ ತಿಂದರೆ ಅದು ಹಣೆಬರಹ, ಜಿಂಕೆ ಹೊಡೆದರೆ ಅದು ಅಪರಾಧ.

1980ರಲ್ಲಿ ಸ್ವಾತಂತ್ರ್ಯ ಬಂತು. 1982ರ ತಿದ್ದುಪಡಿ ಅದೇ ಹಕ್ಕನ್ನು ಸಾಮುದಾಯಿಕ ಭೂಮಿಗೂ ವಿಸ್ತರಿಸಿತು. ಇದರ ಮೇಲೆ ಕಟ್ಟಿದ ಕಾರ್ಯಕ್ರಮಕ್ಕೆ ಕ್ಯಾಂಪ್‌ಫೈರ್ ಎಂದು ಹೆಸರು. ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ರೋವನ್ ಮಾರ್ಟಿನ್ ಇದರ ರೂಪುರೇಷೆ ಬರೆದವರು; ಜಿಂಬಾಬ್ವೆ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ ಮಾರ್ಷಲ್ ಮರ್ಫ್ರಿ ಇದರ ತಾತ್ವಿಕ ಬೆನ್ನೆಲುಬು. ಪ್ರಾಣಿಯನ್ನು ಹೊರೆಯಾಗಿ ಹೊತ್ತವರೇ ಅದರ ಲಾಭ ಪಡೆಯಬೇಕು, ಅವರೇ ತೀರ್ಮಾನಿಸಬೇಕು ಎಂಬುದು ಇವರ ವಾದ. ಮರ್ಫ್ರಿ ಬಳಗ ಬಳಸುತ್ತಿದ್ದ ಮಾತು ‘ಉತ್ಪಾದಕ ಸಮುದಾಯ’. ಹಾಲು ಕರೆಯುವವರು ಹಾಲಿನ ಉತ್ಪಾದಕರಾದರೆ, ಆನೆಯ ಕಾಟ ಸಹಿಸುವವರು ಆನೆಯ ಉತ್ಪಾದಕರು.

ಎಡವಿದ್ದು ಒಂದೇ ಕಡೆ. ಕಾನೂನಿನ ಪ್ರಕಾರ ಅಧಿಕಾರ ಹಳ್ಳಿಗೆ ಸಿಗಲಿಲ್ಲ, ಜಿಲ್ಲಾ ಕೌನ್ಸಿಲ್‌ಗೆ ಸಿಕ್ಕಿತು. ಹಳ್ಳಿ ಎನ್ನುವುದಕ್ಕೆ ಕಾನೂನಿನಲ್ಲಿ ಅಸ್ತಿತ್ವವೇ ಇರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಲು, ಬ್ಯಾಂಕ್ ಖಾತೆ ತೆರೆಯಲು ಯಾರಾದರೂ ಬೇಕಲ್ಲ. 1988–89ರಲ್ಲಿ ಜಾಂಬೆಜಿ ಕಣಿವೆಯ ನ್ಯಾಮಿನ್ಯಾಮಿ ಮತ್ತು ಗುರುವೆ ಎಂಬ ಎರಡು ಜಿಲ್ಲೆಗಳಿಂದ ಆರಂಭವಾಯಿತು. ಸಫಾರಿ ಕಂಪನಿಯ ಜೊತೆ ಒಪ್ಪಂದ ಕೌನ್ಸಿಲ್‌ನದು, ಹಣ ಬರುವುದೂ ಕೌನ್ಸಿಲ್‌ಗೆ. ಅದರಲ್ಲಿ ಕನಿಷ್ಠ ಶೇ 50ನ್ನು ಪ್ರಾಣಿಗಳಿರುವ ವಾರ್ಡಿಗೆ ಕೊಡಬೇಕು ಎಂದು ಮಾರ್ಗಸೂಚಿ ಹೇಳಿತು. ಮಾರ್ಗಸೂಚಿ ಅಷ್ಟೇ, ಕಾನೂನಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಶೋನಾ ಭಾಷೆಯಲ್ಲಿ ಇದೆಯೋ ಇಲ್ಲವೋ, ಅನುಭವವಂತೂ ಇದೆ.

ಪೂಜಾರಿ ಕೊಟ್ಟ ಕಡೆ ಏನಾಯಿತು ಎಂಬುದನ್ನೂ ನೋಡಬೇಕು. ದಕ್ಷಿಣದ ಬೈಟ್‌ಬ್ರಿಜ್ ಜಿಲ್ಲೆಯಲ್ಲಿ ಚಿಕ್ವರಕ್ವರ ಎಂಬ ಊರು. 1990ರ ಸುಮಾರಿಗೆ ಅಲ್ಲಿ ಬೇಟೆಯ ಪಾಲನ್ನು ಚೆಕ್ಕಿನಲ್ಲಿ ಕಳಿಸಲಿಲ್ಲ. ಊರಿನವರೆಲ್ಲರ ಎದುರು ಮೇಜಿನ ಮೇಲೆ ನೋಟುಗಳನ್ನು ಎಣಿಸಿ ಒಂದೊಂದು ಮನೆಯ ಕೈಗೆ ಕೊಡಲಾಯಿತು. ಆಮೇಲೆ ಅದೇ ಸಭೆಯಲ್ಲಿ ಊರವರೇ ಅದರ ಒಂದು ಭಾಗವನ್ನು ಹಿಟ್ಟಿನ ಗಿರಣಿಗೆ, ಶಾಲೆಗೆ ಎಂದು ವಾಪಸ್ ಕಟ್ಟಿದರು. ಮೇಲ್ನೋಟಕ್ಕೆ ಇದು ಸುತ್ತು ಬಳಸಿದ ದಾರಿ. ನೇರವಾಗಿ ಗಿರಣಿ ಕಟ್ಟಿಸಿಕೊಟ್ಟಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ಕೌನ್ಸಿಲ್ ಕಟ್ಟಿಸಿದ ಗಿರಣಿ ಕೌನ್ಸಿಲ್‌ನ ದಾನ. ಕೈಗೆ ಬಂದ ನೋಟಿನಿಂದ ತೆಗೆದು ಕೊಟ್ಟ ಗಿರಣಿ ನಮ್ಮದು. ಅದು ಕೆಟ್ಟು ನಿಂತರೆ ಯಾಕೆ ಎಂದು ಕೇಳುತ್ತೇವೆ. ದುಡ್ಡಿನ ಮೊತ್ತಕ್ಕಿಂತ ಅದು ಹಾದುಬಂದ ದಾರಿ ಜನರ ನಡವಳಿಕೆಯನ್ನು ಬದಲಿಸಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಗುರುವೆ ಜಿಲ್ಲೆಯ ಮಸೋಕಾದಲ್ಲಿ ಇನ್ನೊಂದು ತೀರ್ಮಾನವಾಯಿತು. ಸಾಮಾನ್ಯವಾಗಿ ಬೇಲಿ ಹಾಕುವುದು ಕಾಡಿನ ಸುತ್ತ. ಮಸೋಕಾದವರು ತಮ್ಮ ಮನೆ, ಹೊಲಗಳ ಸುತ್ತ ವಿದ್ಯುತ್ ಬೇಲಿ ಹಾಕಿಸಿಕೊಂಡು ಉಳಿದ ವಿಶಾಲ ನೆಲವನ್ನು ಪ್ರಾಣಿಗಳಿಗೆ ಬಿಟ್ಟರು. ಎಷ್ಟು ನೆಲ ನಮಗೆ ಸಾಕು, ಎಷ್ಟು ಆನೆಗೆ ಎಂಬ ಪ್ರಶ್ನೆಯನ್ನು ಒಂದು ಹಳ್ಳಿ ಸಭೆ ಸೇರಿ ಚರ್ಚಿಸಿ ಗೆರೆ ಎಳೆಯಿತು. ಜಗತ್ತಿನ ಎಷ್ಟು ಅರಣ್ಯ ಇಲಾಖೆಗಳು ಈ ಪ್ರಶ್ನೆಯನ್ನು ಹಳ್ಳಿಗೆ ಕೇಳಿವೆ?

ಆದರೆ ಚಿಕ್ವರಕ್ವರ, ಮಸೋಕಾಗಳು ಬೆರಳೆಣಿಕೆಯವು. 1989ರಿಂದ 2001ರವರೆಗೆ ಕ್ಯಾಂಪ್‌ಫೈರ್‌ನಿಂದ ಕೌನ್ಸಿಲ್, ಸಮುದಾಯಗಳಿಗೆ ಬಂದದ್ದು 2 ಕೋಟಿ ಅಮೆರಿಕನ್ ಡಾಲರಿಗೂ ಹೆಚ್ಚು. ಅದರಲ್ಲಿ ಶೇ 89 ಬೇಟೆಯಿಂದ. ವನ್ಯಜೀವಿ ಮಾರುವ ಅಧಿಕಾರ ಪಡೆದಿದ್ದ 37 ಜಿಲ್ಲೆಗಳ ಪೈಕಿ ಬರೀ 12 ಜಿಲ್ಲೆಗಳು ಶೇ 97ರಷ್ಟು ಆದಾಯ ತಂದವು. ಅಂದರೆ ಉಳಿದ 25 ಜಿಲ್ಲೆಗಳಲ್ಲಿ ‘ಸಮುದಾಯ ಸಂರಕ್ಷಣೆ’ ಎಂಬುದು ಬಹುಮಟ್ಟಿಗೆ ಫಲಕ, ಕಾರ್ಯಾಗಾರ, ಜೀಪು. ಆನೆ ಇದ್ದ ಜಿಲ್ಲೆಗಳಲ್ಲೂ ತೊಂದರೆ ಕಡಿಮೆ ಇರಲಿಲ್ಲ. ಬಡ ಜಿಲ್ಲೆಯ ಕೌನ್ಸಿಲ್‌ಗೆ ಕಂದಾಯ ಎಲ್ಲಿಂದ ಬರಬೇಕು? ಆನೆಯೇ ಅಲ್ಲಿ ಅತಿ ದೊಡ್ಡ ತೆರಿಗೆದಾರ. 2000ರ ನಂತರ ದೇಶದ ಆರ್ಥಿಕತೆ ಕುಸಿದು, ವಿದೇಶಿ ನೆರವೂ ನಿಂತಾಗ ಕೌನ್ಸಿಲ್‌ಗಳು ವಾರ್ಡಿನ ಪಾಲನ್ನು ತಡವಾಗಿ ಕೊಟ್ಟವು, ಕಡಿಮೆ ಕೊಟ್ಟವು, ಕೆಲವು ಕೊಡಲೇ ಇಲ್ಲ. ಹಣದುಬ್ಬರದ ಕಾಲದಲ್ಲಿ ಆರು ತಿಂಗಳು ತಡವಾಗಿ ಬಂದ ಜಿಂಬಾಬ್ವೆ ಡಾಲರಿಗೆ ಏನು ಬೆಲೆ ಇದ್ದೀತು?

ಹಳ್ಳಿಗಳೂ ಸಾಚಾ ಏನಲ್ಲ. ಗೊನರೆಝೌ ಉದ್ಯಾನದಿಂದ ಎಬ್ಬಿಸಲ್ಪಟ್ಟ ಶಂಗಾನ್ ಜನರಿರುವ ಮಹೆನ್ಯೆ, ಒಂದು ಕಾಲಕ್ಕೆ ಕ್ಯಾಂಪ್‌ಫೈರ್‌ನ ಆದರ್ಶ ಹಳ್ಳಿ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿ ಚುನಾಯಿತ ಸಮಿತಿಯನ್ನು ಊರ ಮುಖಂಡನ ಮನೆತನ ಹೇಗೆ ವಶಪಡಿಸಿಕೊಂಡಿತು, ಲೆಕ್ಕಪತ್ರ ಹೇಗೆ ಮಾಯವಾಯಿತು ಎಂದು ದಾಖಲಿಸಿದೆ. ಹೊರಗಿನಿಂದ ಕಣ್ಣಿಡುತ್ತಿದ್ದ ಸಂಸ್ಥೆಗಳು ಹಿಂದೆ ಸರಿದದ್ದೇ ತಡ, ಊರೊಳಗಿನ ಹಳೆಯ ಅಧಿಕಾರ ಎದ್ದು ಕೂತಿತು. ‘ಸಮುದಾಯ’ ಎಂಬ ಪದವನ್ನು ಹೊರಗಿನವರು ಉಚ್ಚರಿಸುವಾಗ ಅದರಲ್ಲಿ ಜಾತಿ, ಕುಲ, ಗಂಡು–ಹೆಣ್ಣು, ಮೊದಲು ಬಂದವರು–ನಂತರ ಬಂದವರು ಎಂಬ ಭೇದಗಳೇ ಇಲ್ಲವೆಂಬಂತೆ ಮಾತಾಡುತ್ತಾರೆ. ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಆ ಭ್ರಮೆ ಇರಲಾರದು.

2007ರ ಹೊತ್ತಿಗೆ ಜಿಂಬಾಬ್ವೆಯೇ ತಪ್ಪನ್ನು ಒಪ್ಪಿಕೊಂಡಂತೆ ಮಾರ್ಗಸೂಚಿ ಬದಲಿಸಿತು. ಸಫಾರಿ ಕಂಪನಿ ಶೇ 55ನ್ನು ನೇರವಾಗಿ ವಾರ್ಡಿನ ಖಾತೆಗೆ ಕಟ್ಟಬೇಕು, ಶೇ 41 ಕೌನ್ಸಿಲ್‌ಗೆ, ಶೇ 4 ಕ್ಯಾಂಪ್‌ಫೈರ್ ಸಂಘಕ್ಕೆ. ಎಲ್ಲ ಜಿಲ್ಲೆಗಳೂ ಪಾಲಿಸಲಿಲ್ಲ, ನಿಜ. ಆದರೂ ಗುಡಿಯ ಹಿಂಬಾಗಿಲಿನಿಂದಾದರೂ ಪ್ರಸಾದ ಭಕ್ತನಿಗೆ ಸಿಗಲಿ ಎಂಬ ಪ್ರಯತ್ನ ಅದು.

ಲುಆಂಗ್ವಾದಲ್ಲಿ ಒಂದು ತಿರುವು

ಪಕ್ಕದ ಜಾಂಬಿಯಾದ ಲುಆಂಗ್ವಾ ಕಣಿವೆಯಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ ಹಾಗೇ ಆಯಿತು. 1980ರ ದಶಕದಲ್ಲಿ ಶುರುವಾದ ಯೋಜನೆಯಲ್ಲಿ ಬೇಟೆ ಹಣದ ಪಾಲು ಹೋಗುತ್ತಿದ್ದದ್ದು ಪಾರಂಪರಿಕ ಮುಖಂಡರು ಕೂತಿದ್ದ ಸಮಿತಿಗೆ. ಹಣ ಖರ್ಚಾಯಿತು, ಹಳ್ಳಿಯವರಿಗೆ ಹಣ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. 1996ರಲ್ಲಿ ನಿಯಮ ಬದಲಾಯಿತು. ಹಣದ ಬಹುಪಾಲು ಕೆಳಗಿನ ‘ಗ್ರಾಮ ಕ್ರಿಯಾ ಗುಂಪು’ಗಳಿಗೆ, ಅಂದರೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವಷ್ಟು ಸಣ್ಣ ಘಟಕಗಳಿಗೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಬಜೆಟ್ ಮಾಡುವುದು, ಬೇಕಿದ್ದರೆ ನಗದಾಗಿ ಹಂಚಿಕೊಳ್ಳುವುದು.

ಪ್ರಾಣಿಗಳು ಅವೇ, ಬೇಟೆಗಾರರು ಅವರೇ, ಜನರೂ ಅವರೇ. ಆದರೆ ಶಾಲೆ, ಬಾವಿ, ಕ್ಲಿನಿಕ್‌ಗಳ ಸಂಖ್ಯೆ ಏರಿತು, ಲೆಕ್ಕ ಸಿಗದ ಹಣ ಇಳಿಯಿತು. ಮುಂದೆ ಹೊಸ ವನ್ಯಜೀವಿ ಪ್ರಾಧಿಕಾರ ಬಂದು ಮೇಲಿನ ಹಂತದಲ್ಲಿ ಮಂಡಳಿಗಳನ್ನು ಕೂರಿಸಿದಾಗ ಸೋರಿಕೆ ಮತ್ತೆ ಶುರುವಾಯಿತು. ಎಲಿನರ್ ಓಸ್ಟ್ರೋಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟ ಸಂಶೋಧನೆಯ ಸಾರವೂ ಇದರ ಹತ್ತಿರವೇ ಇದೆ: ಬಳಸುವವರೇ ನಿಯಮ ಮಾಡಿ, ಅವರೇ ಕಾವಲಿದ್ದರೆ ಸಾಮೂಹಿಕ ಸಂಪತ್ತು ಹಾಳಾಗಲೇಬೇಕೆಂದಿಲ್ಲ. ಊರ ಕೆರೆಯ ನೀರುಗಂಟಿಯನ್ನು ಬಲ್ಲವರಿಗೆ ಇದು ಹೊಸ ವಿಷಯವೇನಲ್ಲ.

ಮುಖಂಡರು ನೇಮಿಸಿದ ಕಾವಲುಗಾರರು

ಈಗ ಮತ್ತೆ ಕುನೇನೆಗೆ. 1980ರ ದಶಕದ ಆರಂಭದಲ್ಲಿ ಈ ಪ್ರದೇಶ ದಕ್ಷಿಣ ಆಫ್ರಿಕಾದ ಆಳ್ವಿಕೆಯಲ್ಲಿತ್ತು. ಭೀಕರ ಬರಕ್ಕೆ ಹಿಂಬಾ, ಹೆರೆರೊ ಜನರ ದನಗಳಲ್ಲಿ ಬಹುಪಾಲು ಸತ್ತವು. ಸ್ವಾತಂತ್ರ್ಯ ಯುದ್ಧದ ಕಾರಣ ಕೋವಿಗಳಿಗೆ ಬರವಿರಲಿಲ್ಲ. ಹಸಿದವರೂ ಬೇಟೆಯಾಡಿದರು, ಹಸಿವಿಲ್ಲದ ಅಧಿಕಾರಿಗಳೂ ಆಡಿದರು. ಘೇಂಡಾ, ಆನೆಗಳು ಮುಗಿದೇ ಹೋದವು ಎನ್ನುವ ಸ್ಥಿತಿ.

ಆಗ ಗಾರ್ತ್ ಓವನ್-ಸ್ಮಿತ್ ಎಂಬ ಸಂರಕ್ಷಣಾವಾದಿ ಊರ ಮುಖಂಡರ ಬಳಿ ಹೋಗಿ ಕೂತ. ಪೊಲೀಸರನ್ನು ಹೆಚ್ಚಿಸುವ ಮಾತಾಡಲಿಲ್ಲ. ನಿಮ್ಮ ಪ್ರಾಣಿಗಳನ್ನು ಕಾಯಲು ನೀವೇ ಜನರನ್ನು ಆರಿಸಿ ಎಂದ. ಮುಖಂಡರು ತಮ್ಮವರನ್ನೇ, ಕೆಲವೊಮ್ಮೆ ಕಾಡು ಚೆನ್ನಾಗಿ ಬಲ್ಲ ಹಳೆಯ ಬೇಟೆಗಾರರನ್ನೇ ಆರಿಸಿದರು. ಈ ಗಾರ್ಡುಗಳಿಗೆ ಸಿಗುತ್ತಿದ್ದದ್ದು ಪಡಿ ಮತ್ತು ಚಿಲ್ಲರೆ ಹಣ. ಆದರೆ ಅವರು ವರದಿ ಒಪ್ಪಿಸುತ್ತಿದ್ದದ್ದು ಮುಖಂಡನಿಗೆ, ಇಲಾಖೆಗಲ್ಲ. ಓವನ್-ಸ್ಮಿತ್ ಮತ್ತು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಜೇಕಬ್‌ಸನ್ ಅವರಿಗೆ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ದೊಡ್ಡದು 1996ರಲ್ಲಿ ಸ್ವತಂತ್ರ ನಮೀಬಿಯಾ ಮಾಡಿದ ಕಾನೂನು ತಿದ್ದುಪಡಿ. ಅದರ ಪ್ರಕಾರ ಸಾಮುದಾಯಿಕ ಭೂಮಿಯಲ್ಲಿ ಇರುವವರು ಸೇರಿ ‘ಕನ್ಸರ್ವೆನ್ಸಿ’ ನೋಂದಾಯಿಸಬಹುದು. ಜಿಲ್ಲೆ, ಪ್ರಾಂತ್ಯ ಯಾವುದೂ ನಡುವೆ ಇಲ್ಲ. ಕೇಳುವುದು ಇಷ್ಟು: ಸದಸ್ಯರ ಪಟ್ಟಿ, ನೆರೆಯವರು ಒಪ್ಪಿದ ಗಡಿ, ಪ್ರಾತಿನಿಧಿಕ ಸಮಿತಿ, ಲಿಖಿತ ನಿಯಮಾವಳಿ, ಲಾಭ ಹಂಚುವ ವಿಧಾನ. 

‘ನೆರೆಯವರು ಒಪ್ಪಿದ ಗಡಿ’ ಎಂಬ ಮೂರು ಪದಗಳಿಗೆ ಕೆಲವು ಕಡೆ ವರ್ಷಗಳೇ ಹಿಡಿದವು. ಹಿಡಿಯಬೇಕಾದದ್ದೇ. 1998ರಲ್ಲಿ ಮೊದಲ ನಾಲ್ಕು ನೋಂದಣಿಯಾದವು. ಸಾನ್ ಜನರ ನ್ಯಾಯೆ ನ್ಯಾಯೆ ಅವುಗಳಲ್ಲಿ ಒಂದು. ಇವತ್ತು 86 ಕನ್ಸರ್ವೆನ್ಸಿಗಳಿವೆ, ದೇಶದ ಐದನೇ ಒಂದು ಭಾಗದಷ್ಟು ನೆಲ ಅವುಗಳ ಗಡಿಯೊಳಗಿದೆ, 2 ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದಾರೆ. 1990ರ ದಶಕದ ಮಧ್ಯದಲ್ಲಿ ನಮೀಬಿಯಾದಲ್ಲಿ ಸುಮಾರು 7,500 ಆನೆಗಳಿದ್ದವು. ಈಗ 20,000 ದಾಟಿವೆ.

ಆ ಮೊದಲ ನಾಲ್ಕರಲ್ಲಿ ಇನ್ನೊಂದರ ಹೆಸರಿಗೆ ಖೋಯ್‌ಖೋಯ್ ಭಾಷೆಯಲ್ಲಿ ‘ಆನೆಗಳ ಮೂಲೆ’ ಎಂದು ಅರ್ಥ. ಗ್ರೂಟ್‌ಬರ್ಗ್ ಬೆಟ್ಟಗಳ ಸೀಮೆ ಅದು. ಡೀಸೆಲ್ ಜಗಳ ಅಲ್ಲಿ ದಿನನಿತ್ಯದ್ದು. ಕನ್ಸರ್ವೆನ್ಸಿ ಮಾಡಿದ್ದು ಸರಳ: ತನ್ನ ಆದಾಯದಿಂದ ಊರಿಂದ ದೂರದಲ್ಲಿ ಆನೆಗಳಿಗೇ ಬೇರೆ ನೀರಿನ ತಾಣ ಕಟ್ಟಿತು, ಊರ ಪಂಪುಗಳ ಸುತ್ತ ಕಲ್ಲಿನ ಗೋಡೆ ಎಬ್ಬಿಸಿತು, ಡೀಸೆಲ್‌ಗೆ ನೆರವು ಕೊಟ್ಟಿತು. ಬೆಟ್ಟದಂಚಿನಲ್ಲಿ 2005ರಲ್ಲಿ ತೆರೆದ ಗ್ರೂಟ್‌ಬರ್ಗ್ ಲಾಡ್ಜ್‌ನ ಪೂರ್ತಿ ಒಡೆತನ ಈ ಕನ್ಸರ್ವೆನ್ಸಿಯದೇ, ನಡೆಸಿಕೊಡುವವರು ಬೇರೆ. ಪ್ರವಾಸಿ ಕೊಟ್ಟ ದುಡ್ಡು ಒಂದು ಸುತ್ತು ಹಾಕಿ ಪಂಪಿನ ಟ್ಯಾಂಕಿಗೆ ಬರುವ ದಾರಿ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸಿಂಹ, ಕತ್ತೆಕಿರುಬಗಳು ದನ ತಿಂದರೂ ಹಣ ಕೊಡುವ ವ್ಯವಸ್ಥೆ ಇದೆ. ಅದನ್ನು ‘ಪರಿಹಾರ’ ಎಂದು ಕರೆಯುವುದಿಲ್ಲ, ‘ಸ್ವಾವಲಂಬನೆ ಯೋಜನೆ’ ಎನ್ನುತ್ತಾರೆ, ಮೊತ್ತ ಸಂತೆಯ ಬೆಲೆಗಿಂತ ಕಡಿಮೆ, ರಾತ್ರಿ ದನವನ್ನು ದೊಡ್ಡಿಯಲ್ಲಿ ಕೂಡಿರಬೇಕು ಎಂಬಂಥ ಷರತ್ತುಗಳಿವೆ. ದನ ಕಳೆದುಕೊಂಡವರ ಗೊಣಗಾಟ ನಿಂತಿಲ್ಲ. ಹೆಸರು ಬದಲಿಸಿದರೆ ಹೊಟ್ಟೆ ಉರಿ ಆರುವುದಿಲ್ಲವಲ್ಲ.

ಬೇಟೆಯ ಮಾತು

ಇಲ್ಲಿ ಬೇಟೆಯ ವಿಚಾರವನ್ನು ಬದಿಗಿಟ್ಟು ಮುಂದೆ ಹೋಗಲಾಗದು. ವಿದೇಶಿ ಶ್ರೀಮಂತ ದೊಡ್ಡ ಮೊತ್ತ ಕೊಟ್ಟು ಒಂದು ಮುದಿ ಸಲಗಕ್ಕೆ ಗುಂಡು ಹೊಡೆದು ದಂತದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ನನಗೆ ಹೇಸಿಗೆ ಹುಟ್ಟಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೇಸಿಗೆ ನನ್ನದು, ಹೊಲ ನನ್ನದಲ್ಲ.

ನಮೀಬಿಯಾದ 77 ಕನ್ಸರ್ವೆನ್ಸಿಗಳ 1998ರಿಂದ 2013ರವರೆಗಿನ ಲೆಕ್ಕ ಜಾಲಾಡಿದ ಅಧ್ಯಯನವೊಂದು 2016ರಲ್ಲಿ ಬಂತು. ಹೊಸ ಕನ್ಸರ್ವೆನ್ಸಿಗೆ ಬೇಟೆಯಿಂದ ಲಾಭ ಸಾಮಾನ್ಯವಾಗಿ 3 ವರ್ಷದೊಳಗೆ ಬರತೊಡಗುತ್ತದೆ, ಪ್ರವಾಸೋದ್ಯಮದಿಂದ ಬರಲು 6 ವರ್ಷ ಬೇಕು. ಬೇಟೆಯ ಹಣ ಕನ್ಸರ್ವೆನ್ಸಿಯ ಖಾತೆಗೆ ಹೋಗಿ ಗಾರ್ಡುಗಳ ಸಂಬಳವಾಗುತ್ತದೆ, ಮಾಂಸ ಊರಿಗೆ ಹಂಚಿಕೆಯಾಗುತ್ತದೆ. ಲಾಡ್ಜಿನ ಲಾಭ ಹೆಚ್ಚಾಗಿ ಅಲ್ಲಿ ಕೆಲಸ ಸಿಕ್ಕವರ ಸಂಬಳ. ಒಂದು ಸಾರ್ವಜನಿಕ ಹಣ, ಇನ್ನೊಂದು ಕೆಲವರ ಮನೆಯ ಹಣ. ಒಂದನ್ನು ಕಿತ್ತು ಇನ್ನೊಂದನ್ನು ಆ ಜಾಗಕ್ಕೆ ಇಡಿ ಎಂದು ಲಂಡನ್ನಿನಿಂದ ಹೇಳುವುದು ಸುಲಭ. ದೃಶ್ಯ ಸುಂದರವಾಗಿಲ್ಲದ, ರಸ್ತೆ ಇಲ್ಲದ, ಮಲೇರಿಯಾ ಇರುವ ಕುರುಚಲು ಕಾಡಿಗೆ ಕ್ಯಾಮೆರಾ ಹಿಡಿದವರು ಬರುವುದಿಲ್ಲ, ಬೇಟೆಗಾರ ಬರುತ್ತಾನೆ. ಪ್ರವಾಸೋದ್ಯಮವನ್ನೇ ನಂಬಿದವರ ಪಾಡು 2020ರ ಕೋವಿಡ್‌ನಲ್ಲಿ ಗೊತ್ತಾಯಿತು. ವಿಮಾನ ನಿಂತ ಮರುದಿನವೇ ಲಾಡ್ಜು ಖಾಲಿ. ಗಾರ್ಡುಗಳ ಸಂಬಳಕ್ಕೆ ತುರ್ತು ನಿಧಿ ಹುಡುಕಬೇಕಾಯಿತು.

ಬೋಟ್ಸ್ವಾನಾದ ಗಲಾಟೆ ನಿಮಗೆ ನೆನಪಿರಬಹುದು. ಜರ್ಮನಿ ಬೇಟೆಯ ಟ್ರೋಫಿಗಳ ಆಮದಿಗೆ ಕಡಿವಾಣ ಹಾಕುವ ಮಾತಾಡಿದಾಗ, 2024ರ ಏಪ್ರಿಲ್‌ನಲ್ಲಿ ಆಗಿನ ಅಧ್ಯಕ್ಷ ಮೊಕ್‌ಗ್ವೀಟ್ಸಿ ಮಸೀಸಿ, 20,000 ಆನೆಗಳನ್ನು ಜರ್ಮನಿಗೆ ಉಡುಗೊರೆ ಕೊಡುತ್ತೇವೆ, ಅವುಗಳ ಜೊತೆ ಬಾಳಿ ನೋಡಿ ಎಂದರು. ಚಪ್ಪಾಳೆ ಬಿತ್ತು. 2022ರ ಗಣತಿಯ ಪ್ರಕಾರ ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆಗಳು ಸೇರುವ ಕಾಝಾ ಸಂರಕ್ಷಣಾ ವಲಯದಲ್ಲಿರುವ ಸುಮಾರು 2.28 ಲಕ್ಷ ಆನೆಗಳಲ್ಲಿ 1.32 ಲಕ್ಷದಷ್ಟು ಬೋಟ್ಸ್ವಾನಾದವು. ಹಾಗಾಗಿ ಮಾತಿನಲ್ಲಿ ಹುರುಳಿತ್ತು.

ಆದರೆ ಅದೇ ಬೋಟ್ಸ್ವಾನಾ ತನ್ನ ಹಳ್ಳಿಗಳಿಗೆ ಏನು ಮಾಡಿತು? 2007ರ ನೀತಿ ವನ್ಯಜೀವಿ ಆದಾಯದ ಶೇ 65ನ್ನು ರಾಷ್ಟ್ರೀಯ ನಿಧಿಗೆ ಎತ್ತಿಟ್ಟು ಶೇ 35ನ್ನು ಸಮುದಾಯಕ್ಕೆ ಬಿಟ್ಟಿತು. ವಜ್ರ ಎಲ್ಲಿ ಸಿಕ್ಕರೂ ಅದು ಇಡೀ ದೇಶದ್ದು, ಆನೆಯೂ ಹಾಗೇ ಅಲ್ಲವೇ ಎಂಬುದು ಸರ್ಕಾರದ ವಾದ. ತಳ್ಳಿಹಾಕುವಂಥ ವಾದವಲ್ಲ. ವಜ್ರದ ಹಣದಿಂದಲೇ ಆ ದೇಶ ಶಾಲೆ, ಆಸ್ಪತ್ರೆ ಕಟ್ಟಿಕೊಂಡಿದೆ. ಆದರೆ ವಜ್ರ ರಾತ್ರಿ ಬಂದು ಜೋಳ ತಿನ್ನುವುದಿಲ್ಲ. ಮುಂದೆ 2014ರಲ್ಲಿ ಇಯಾನ್ ಖಾಮಾ ಸರ್ಕಾರ ಬೇಟೆಯನ್ನು ನಿಷೇಧಿಸಿತು, 2019ರಲ್ಲಿ ಮಸೀಸಿ ನಿಷೇಧ ತೆಗೆದರು. ನಿಷೇಧವೂ ರಾಜಧಾನಿ ಗಾಬರೋನ್‌ನಲ್ಲಿ, ತೆರವೂ ಗಾಬರೋನ್‌ನಲ್ಲಿ. ಬೇಟೆಯಿಂದ ಬದುಕುತ್ತಿದ್ದ ಸಂಕುಯೊದಂಥ ಊರುಗಳ ಟ್ರಸ್ಟುಗಳು ಒಂದು ಆದೇಶಕ್ಕೆ ಆದಾಯ ಕಳೆದುಕೊಂಡು ಇನ್ನೊಂದು ಆದೇಶಕ್ಕೆ ಕಾದು ಕೂತವು. ಬರ್ಲಿನ್ ನಮಗೆ ಉಪದೇಶ ಮಾಡಬಾರದು ಎನ್ನುವ ಸರ್ಕಾರಗಳು ತಮ್ಮ ಹಳ್ಳಿಗಳ ಪಾಲಿಗೆ ತಾವೇ ಬರ್ಲಿನ್ ಆಗಿರುವುದನ್ನು ಯಾರೂ ಎತ್ತಿ ಆಡಲಿಲ್ಲ.

ಪ್ರಾಣಿ ನಮ್ಮದು, ನೆಲ?

ನಮೀಬಿಯಾದ ಮಾದರಿಯ ದೊಡ್ಡ ತೂತು ಇರುವುದು ನೆಲದಲ್ಲಿ. ಕಾನೂನು ಕನ್ಸರ್ವೆನ್ಸಿಗೆ ಕೊಟ್ಟದ್ದು ಕಾಡುಪ್ರಾಣಿ ಮತ್ತು ಪ್ರವಾಸೋದ್ಯಮದ ಹಕ್ಕು. ಸಾಮುದಾಯಿಕ ಭೂಮಿಯ ಒಡೆತನ ಸರ್ಕಾರದ್ದೇ, ನೆಲದಡಿಯ ಖನಿಜವೂ ಸರ್ಕಾರದ್ದೇ. ಹೊರಗಿನಿಂದ ಬಲಾಢ್ಯ ದನಗಾರ ಬಂದು ಬೇಲಿ ಹಾಕಿದರೆ ಕನ್ಸರ್ವೆನ್ಸಿ ಅವನನ್ನು ತಾನಾಗಿ ಎಬ್ಬಿಸಲಾರದು. ಸಾನ್ ಜನರ ನ ಜಾಕ್ನಾ ಕನ್ಸರ್ವೆನ್ಸಿ ಇಂಥ ಅಕ್ರಮ ಬೇಲಿಗಳ ವಿರುದ್ಧ ಹೈಕೋರ್ಟಿಗೆ ಹೋಗಿ 2016ರಲ್ಲಿ ಗೆದ್ದಿತು. ಜಿಂಕೆಯ ಮೇಲೆ ಹಕ್ಕಿದೆ, ಜಿಂಕೆ ಮೇಯುವ ಹುಲ್ಲಿನ ಮೇಲೆ ಇಲ್ಲ ಎಂಬುದು ವಿಚಿತ್ರ ಸ್ಥಿತಿ.

ದಕ್ಷಿಣ ಆಫ್ರಿಕಾದ ಮಕುಲೆಕೆ ಜನರದ್ದು ಇದರ ಇನ್ನೊಂದು ಮಗ್ಗುಲು. 1969ರಲ್ಲಿ ವರ್ಣಭೇದದ ಸರ್ಕಾರ ಅವರನ್ನು ಎಬ್ಬಿಸಿ ಆ ನೆಲವನ್ನು ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಿತು. 1998ರಲ್ಲಿ ಸುಮಾರು 24,000 ಹೆಕ್ಟೇರ್ ಅವರ ಹೆಸರಿಗೆ ವಾಪಸಾಯಿತು. ಅವರು ಅಲ್ಲಿ ಉಳುಮೆ ಮಾಡಲಿಲ್ಲ. ಉದ್ಯಾನದ ಭಾಗವಾಗಿಯೇ ಉಳಿಸಿ ಲಾಡ್ಜುಗಳಿಗೆ ಗುತ್ತಿಗೆ ಕೊಟ್ಟರು. ಪಹಣಿ ಕೈಯಲ್ಲಿದ್ದವರ ಮಾತಿನ ಧಾಟಿಯೇ ಬೇರೆ. ಅತ್ತ ಟಾಂಜಾನಿಯಾದ ಲೋಲಿಯೊಂಡೊದಲ್ಲಿ 2022ರ ಜೂನ್‌ನಲ್ಲಿ ಮಾಸಾಯ್ ಜನರ ಹುಲ್ಲುಗಾವಲಿನ 1,500 ಚದರ ಕಿ.ಮೀ. ನೆಲಕ್ಕೆ ಸರ್ಕಾರ ಪೊಲೀಸ್ ಕಾವಲಿನಲ್ಲಿ ಗಡಿಕಲ್ಲು ನೆಟ್ಟಿತು. ಘರ್ಷಣೆಯಾಯಿತು, ಗಾಯಗೊಂಡವರು ಗಡಿ ದಾಟಿ ಕೆನ್ಯಾಕ್ಕೆ ಓಡಿದರು. ಅಲ್ಲಿಯೂ ಹೇಳಿದ ಕಾರಣ ಸಂರಕ್ಷಣೆಯೇ. ಕೆನ್ಯಾದಲ್ಲೇ 2025ರ ಜನವರಿಯಲ್ಲಿ ಉತ್ತರದ ಎರಡು ಕನ್ಸರ್ವೆನ್ಸಿಗಳನ್ನು ಜನರನ್ನು ಸರಿಯಾಗಿ ಒಳಗೊಳ್ಳದೆ ಸ್ಥಾಪಿಸಲಾಗಿದೆ ಎಂದು ನ್ಯಾಯಾಲಯ ಅಕ್ರಮವೆಂದು ಹೇಳಿತು. ಸರ್ಕಾರವೊಂದೇ ಅಲ್ಲ, ಒಳ್ಳೆಯ ಉದ್ದೇಶದ ಸಂಸ್ಥೆಗಳೂ ಪೂಜಾರಿಯ ಜಾಗದಲ್ಲಿ ಕೂರಬಲ್ಲವು.

ಇದನ್ನೆಲ್ಲ ಓದುವ ಕನ್ನಡಿಗರಿಗೆ ಸಕಲೇಶಪುರ, ಕೊಡಗು, ಹನೂರು ನೆನಪಾಗದೆ ಇರದು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳೆಂದು ಅಂದಾಜಿಸಲಾಯಿತು, ದೇಶದಲ್ಲೇ ಹೆಚ್ಚು. ನಮ್ಮ 1972ರ ಕಾಯ್ದೆಯಲ್ಲಿ ಬೇಟೆಗೆ ಜಾಗವಿಲ್ಲ, ಇರಬೇಕೆಂದು ನಾನು ವಾದಿಸುವುದೂ ಇಲ್ಲ. ನಮೀಬಿಯಾದಿಂದ ಚೀತಾ ತಂದಂತೆ ಕನ್ಸರ್ವೆನ್ಸಿಯನ್ನು ವಿಮಾನದಲ್ಲಿ ತರಲಾಗದು. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಆ ಹಕ್ಕುಪತ್ರಕ್ಕೂ ಕಾಡಿನ ದಿನನಿತ್ಯದ ತೀರ್ಮಾನಗಳಿಗೂ ನಡುವೆ ಎಷ್ಟು ದೂರವಿದೆ ಎಂದು ಪೋಡುಗಳಲ್ಲಿ ಕೇಳಿದರೆ, ಮಸೋಕಾದವರಿಗೆ ಅರ್ಥವಾಗುವ ಉತ್ತರವೇ ಸಿಕ್ಕೀತು.

ಗೋಡೆಯ ಮೇಲಿನ ಕೆಂಪು ಹಾಳೆ

ನಮೀಬಿಯಾದ ಗಾರ್ಡುಗಳ ಬಳಿ ಒಂದು ಹಳದಿ ಪುಸ್ತಕ ಇರುತ್ತದೆ. 2000ದ ಸುಮಾರಿಗೆ ಬಳಕೆಗೆ ಬಂದ ‘ಈವೆಂಟ್ ಬುಕ್’ ಪದ್ಧತಿ ಇದು. ಆನೆ ತೊಟ್ಟಿ ಒಡೆದದ್ದು, ಚಿರತೆ ಮೇಕೆ ಹಿಡಿದದ್ದು, ಉರುಳು ಸಿಕ್ಕದ್ದು, ಸತ್ತ ಜೀಬ್ರಾ ಕಂಡದ್ದು ಎಲ್ಲ ಅದರಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಅದನ್ನು ನೀಲಿ ಹಾಳೆಗೆ ಒಟ್ಟು ಹಾಕುತ್ತಾರೆ, ವರ್ಷದ ಕೊನೆಗೆ ಕೆಂಪು ಹಾಳೆಗೆ. ಬಹಳ ಓದಿದವರಾಗಿರಬೇಕಿಲ್ಲ, ಚೌಕಗಳಿಗೆ ಬಣ್ಣ ತುಂಬಿದರೆ ಗ್ರಾಫ್ ತಾನಾಗಿ ಏಳುತ್ತದೆ. ಕಂಪ್ಯೂಟರ್ ಬೇಡ, ಕರೆಂಟ್ ಬೇಡ, ಪಿಎಚ್.ಡಿ. ಬೇಡ.

ಇದಕ್ಕೂ ಮೊದಲು ಸಂಶೋಧಕರು ಬಂದು ಗಾರ್ಡುಗಳಿಂದ ಅಂಕಿಅಂಶ ತೆಗೆದುಕೊಂಡು ಹೋಗುತ್ತಿದ್ದರು, ವರದಿ ವಾಪಸ್ ಬರುತ್ತಿರಲಿಲ್ಲ. ಮಾಹಿತಿಯೂ ದುಡ್ಡಿನ ಹಾಗೇ ಮೇಲಕ್ಕೆ ಹರಿದು ಅಲ್ಲೇ ನಿಲ್ಲುತ್ತಿತ್ತು. ಹೊಸ ಪದ್ಧತಿಯಲ್ಲಿ ಏನನ್ನು ಎಣಿಸಬೇಕು ಎಂದು ತೀರ್ಮಾನಿಸುವುದು ಕನ್ಸರ್ವೆನ್ಸಿ. ಎಣಿಸಿದ್ದನ್ನು ನೋಡಿ ಬೇಟೆಯ ಕೋಟಾ ಬಗ್ಗೆ ಸರ್ಕಾರದ ಜೊತೆ ಮಾತಿಗೆ ಕೂರುವುದೂ ಅದೇ.

ಕಳೆದ ದಶಕದಿಂದ ಕುನೇನೆಯಲ್ಲಿ ಮತ್ತೆ ಬರ. ಮೇವಿಲ್ಲದೆ ದನಗಳೂ ಸತ್ತವು, ಸ್ಪ್ರಿಂಗ್‌ಬಕ್, ಜೀಬ್ರಾಗಳೂ ಕುಸಿದವು. ಕೋಟಾ ಇಳಿಸಬೇಕಾಯಿತು, ಅದರ ಜೊತೆ ಆದಾಯವೂ. 2024ರ ಆಗಸ್ಟ್‌ನಲ್ಲಿ ಸರ್ಕಾರ ಬರ ಪರಿಹಾರದ ಮಾಂಸಕ್ಕಾಗಿ 83 ಆನೆ ಸೇರಿ 723 ಪ್ರಾಣಿಗಳನ್ನು ಕೊಲ್ಲುವ ಆದೇಶ ಹೊರಡಿಸಿದಾಗ ಜಗತ್ತಿನ ಕ್ಯಾಮೆರಾಗಳೆಲ್ಲ ರಾಜಧಾನಿ ವಿಂಡ್‌ಹುಕ್ ಕಡೆ ತಿರುಗಿದವು. ಗೆರೆ ಕೆಳಗಿಳಿಯುತ್ತಿರುವುದು ಕನ್ಸರ್ವೆನ್ಸಿ ಕಚೇರಿಗಳ ಗೋಡೆಯ ಕೆಂಪು ಹಾಳೆಯಲ್ಲಿ ವರ್ಷಗಳ ಹಿಂದೆಯೇ ಕಾಣುತ್ತಿತ್ತು. ಆ ಹಾಳೆಯ ಪ್ರತಿಯೊಂದು ವಿಂಡ್‌ಹುಕ್‌ಗೆ ಹೋಗುತ್ತದೆ. ಮೂಲ ಗೋಡೆಯ ಮೇಲೇ ಇರುತ್ತದೆ.